ತಿಳಿ

ಡಂಡೀ ಊರಿನ ವಿಶ್ವವಿದ್ಯಾಲಯದಲ್ಲಿ ನನಗೆ
ಗಂಟೆಗೆ ಹನ್ನೆರಡು ಪೌಂಡು,
ಕಿವಿ ಕೇಳದ ಹುಡುಗಿಯೊಬ್ಬಳ ಪರವಾಗಿ
ಪಾಠ ಕೇಳುವುದಕ್ಕೆ.

ಮಂಗಳವಾರ ಒಂಬತ್ತಕ್ಕೆ, ಗುರುವಾರ ಎರಡಕ್ಕೆ
ನದಿ ಕಡಲು ಸೇರುವಲ್ಲಿನ ಕೆಸರು:
ಬರುವುದೆಲ್ಲಿಂದ, ನಿಲ್ಲುವುದೆಲ್ಲಿ.
ಡಾಕ್ಟರ್ ಪೆಟ್ರಿ ರಕಾರವನ್ನು
ನಾಲಿಗೆಯ ಮೇಲೆ ಗೋಲಿಯಂತೆ ಉರುಳಿಸುತ್ತಾರೆ.
ಪಕ್ಕದಲ್ಲಿ ಕರ್ಸ್ಟಿ, ಕಣ್ಣೆಲ್ಲ ಅವರ ತುಟಿಯ ಮೇಲೆ.
ಕಣ್ಣು ತೆಗೆದರೆ ಮಾತು ತಪ್ಪುತ್ತದೆ,
ಅದಕ್ಕೇ ನಾನು ಬರೆಯುತ್ತೇನೆ.

ಬರೆಯುವುದು ನನಗೆ ಹೊಸದಲ್ಲ.
ಗದಗಿನ ಕೋರ್ಟಿನಲ್ಲಿ ಹತ್ತೊಂಬತ್ತು ವರ್ಷ ಶೀಘ್ರಲಿಪಿ.
ಕುಬಸದ ಮಾಸ್ತರು ಮೊದಲ ದಿನವೇ ಅಂದಿದ್ದರು:
"ಕಿವಿಯಿಂದ ಕೈಗೆ ಹಾದಿ ನೆಟ್ಟಗಿರಲಿ ನೋಡವಾ,
ನಡುವ ತಲಿ ತರಬ್ಯಾಡ."
ತರಲಿಲ್ಲ.
ಸಾಕ್ಷಿ ಅಂದದ್ದನ್ನು ಅಂದ ಹಾಗೇ ಬರೆದೆ.
ಅನ್ನುವ ಮೊದಲು ಆಕೆ ಸೆರಗಿನ ಚುಂಗು ಹಿಂಡಿದ್ದಕ್ಕೆ
ಆ ಲಿಪಿಯಲ್ಲಿ ಗೆರೆಯೇ ಇಲ್ಲ.

ಎರಡನೆಯ ವಾರ, ಕ್ಯಾಂಟೀನಿನಲ್ಲಿ,
ಹದಿನಾಲ್ಕು ಪುಟ ಕೊಟ್ಟು ಚಹಾ ಹೀರುತ್ತ ಕೂತೆ.
ಒಂದು ಪದ ಬಿಟ್ಟಿಲ್ಲವೆಂಬ ಬಿಗುಮಾನ, ಹೇಳಬೇಕೇ?
ಕರ್ಸ್ಟಿ ಕೊನೆಯವರೆಗೂ ಓದಿ
ಅಂಚಿನಲ್ಲಿ ಬರೆದಳು:
ಜಾಡಿ ಎಲ್ಲಿ?

ಯಾವ ಜಾಡಿ?

ತನ್ನ ಪುಸ್ತಕ ತೆರೆದಳು.
ಹಳೆಯ ಜಾಮಿನ ಜಾಡಿ, ನದೀದಂಡೆಯ ರಾಡಿ ತುಂಬಿದ್ದು.
ಪಾಠ ಶುರುವಾಗುವ ಮೊದಲು ಪೆಟ್ರಿ ಅದನ್ನು
ಚೀಲದಿಂದ ತೆಗೆದು, ಜೋರಾಗಿ ಕುಲುಕಿ,
ಮೇಜಿನ ಮೇಲಿಟ್ಟರಂತೆ.
ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ.
ಆಡಿದ್ದರೆ ನಾನು ಬರೆಯುತ್ತಿದ್ದೆ.

ಅವರು ಬೋರ್ಡಿಗೆ ತಿರುಗಿದಾಗಲೆಲ್ಲ,
ತುಟಿ ಕಾಣದ ಆ ಬಿಡುವಿನಲ್ಲಿ,
ಹುಡುಗಿ ಜಾಡಿಯನ್ನು ಬಿಡಿಸಿದ್ದಾಳೆ. ಐದು ಸಲ.
ಮೊದಲನೆಯದು ಬರೀ ಕಪ್ಪು ಗೀಚು.
ಎರಡನೆಯದರಲ್ಲಿ ತಳಕ್ಕೆ ಮರಳು.
ಆಮೇಲೆ ಒಂದು ಪಟ್ಟೆ, ಅದರ ಮೇಲೊಂದು ಮಬ್ಬು ಪಟ್ಟೆ,
ಐದನೆಯದರ ನೆತ್ತಿಯಲ್ಲಿ ಒಂದು ಬೆರಳಗಲ
ಪೆನ್ಸಿಲ್ಲೇ ತಾಕದ ಬಿಳಿ ಕಾಗದ.

ಒಂದು ಕೇಳಿದಳು, ಅದೂ ಬರೆದೇ:
ಇಷ್ಟು ಸಣ್ಣ ಪುಡಿ, ಇಷ್ಟು ಬೇಗ ಹೇಗೆ ಇಳಿಯಿತು?
ಗೊತ್ತಿಲ್ಲ ಅನ್ನಬೇಕೆಂದು ಬಾಯಿ ತೆರೆದವಳು
ನನ್ನದೇ ಒಂಬತ್ತನೆಯ ಪುಟ ತಿರುಗಿಸಿದೆ.
ಅಲ್ಲಿತ್ತು, ನನ್ನ ಕೈಬರಹದಲ್ಲಿ:
ಉಪ್ಪುನೀರು ತಾಕಿದರೆ ಜೇಡಿಕಣಗಳು
ಒಂದನ್ನೊಂದು ಹಿಡಿದುಕೊಂಡು ಭಾರವಾಗುತ್ತವೆ.
ಬರೆದಿದ್ದೆ. ಈಗ ಕೇಳಿಸಿತು.

ಇದಕ್ಕೆ ನಮ್ಮಲ್ಲೊಂದು ಮಾತಿದೆ, ಅಂದೆ.
ತಿಳಿ.
ಕೆರೆಯದು, ಸಾರಿನದು, ಮಳೆ ನಿಂತ ಆಕಾಶದ್ದು.
ತಲೆಯೊಳಗಿನದಕ್ಕೂ ಅದೇ, ಬೇರೆ ಪದ ಹುಡುಕಲಿಲ್ಲ ನಮ್ಮವರು.
ಅವಳು ನನ್ನ ತುಟಿ ದಿಟ್ಟಿಸಿದಳು, ಇನ್ನೊಮ್ಮೆ ಅಂದಳು.
ಆದರೆ ಳ ತುಟಿಗೆ ಬರುವ ಅಕ್ಷರವಲ್ಲ,
ಒಳಗೇ ಮಗುಚಿಕೊಳ್ಳುತ್ತದೆ.
ಬಿಳಿ ಕಾಗದದ ಆ ಬೆರಳಗಲದ ಮೇಲೆ
ಬೆರಳಿಟ್ಟು ತೋರಿಸಿದೆ.
ಬರೀ ನೀರಾ?
ಹೂಂ. ಸದ್ಯಕ್ಕೆ.

ಸಂಜೆ ಮ್ಯಾಗ್ಡಲೆನ್ ಗ್ರೀನಿನ ಬದಿಗೆ ನಡೆದು ಬಂದೆ.
ಇಳಿತ. ರೈಲುಸೇತುವೆಯ ಕಾಲುಗಳೆಲ್ಲ ಕೆಸರಲ್ಲಿ.
ಟೇ ನದಿ ಏನೂ ಹೇಳಲಿಲ್ಲ, ನಾನೂ ಬರೆದುಕೊಳ್ಳಲಿಲ್ಲ.
ಮನೆಯಲ್ಲಿ ಅಕ್ಕಿ ತೊಳೆಯುವಾಗ
ಗದಗಿನ ಆ ಹೆಂಗಸು ಬಂದು ನಿಂತಳು,
ಚುಂಗು ಹಿಂಡುತ್ತ.
ಅವಳಂದದ್ದು ಇಷ್ಟೇ: "ನಾ ಮನ್ಯಾಗ ಇದ್ದಿಲ್ಲರೀ."
ಇಪ್ಪತ್ತೆರಡು ವರ್ಷವಾಯಿತು.
ಮನೆಯಲ್ಲೇ ಇದ್ದಳು.

ಗುರುವಾರ ಮೊದಲ ಎರಡು ನಿಮಿಷ
ಪೆನ್ನು ಮುಟ್ಟಲಿಲ್ಲ.
ತಿಂಗಳ ಕೊನೆಗೆ ಸಂಬಳದ ಫಾರ್ಮು ತುಂಬಿದೆ:
ಕೇಳಿದ ಗಂಟೆಗಳು, ಎಂಟು.
ಆಮೇಲಿನದ್ದಕ್ಕೆ
ಕಾಲಮ್ಮಿರಲಿಲ್ಲ.