ಎಂಟು ದಿನಕ್ಕ ಅರ್ಧ

ಬೆಳಗಾವಿ ದವಾಖಾನ್ಯಾಗ
ಸೀಸದ ಡಬ್ಬಿ ತಗದು ಒಂದು ಗುಳಿಗಿ ಕೊಟ್ಟರು.
ಕೊಟ್ಟ ಹುಡುಗ ಹಿಂದಕ್ಕ ಸರದ.
ರುಚಿ ಇಲ್ಲ, ವಾಸನಿ ಇಲ್ಲ;
ನುಂಗಿದ ಮ್ಯಾಲೆ ಅವನ ಕೈಯಾಗಿನ ಯಂತ್ರ
ನನ್ನ ಕಡೆ ತಿರುಗಿ ಕಟಕಟ ಅಂತು,
ಮನ್ಯಾಗಿನ ಖಣದ ಮಗ್ಗದಂಗ.

ಗುಳೇದಗುಡ್ಡಕ್ಕ ಬಂದೆ. ಚೀಟಿಯೊಳಗ ಬರದಿದ್ದರು:
ತಾಟು ಬ್ಯಾರೆ, ಹಾಸಿಗಿ ಬ್ಯಾರೆ,
ಎರಡು ಮಾರು ದೂರ,
ಸಣ್ಣಾಕಿನ್ನ ಎತ್ತಬ್ಯಾಡ.
ಎಂಟು ದಿನಕ್ಕ ಅರ್ಧ ಆಕ್ಕೈತಿ,
ಮತ್ತೆಂಟಕ್ಕ ಅರ್ಧದ ಅರ್ಧ.
‘ಹಂಗಾದ್ರ ಪೂರ್ತಿ ಯಾವಾಗ?’ ಅಂತ ಕೇಳಿದ್ದೆ.
ಡಾಕ್ಟರಬಾಯಿ ನಕ್ಕಿದ್ದಳು.

ಹಿತ್ತಲ ಖೋಲಿ ನನಗ ಹೊಸಾದಲ್ಲ.
ಲಗ್ನಾದ ಹೊಸತ್ರಾಗ ತಿಂಗಳಿಗೆ ಮೂರು ದಿನ
ಅತ್ತಿ ಇಲ್ಲೇ ಕುಂಡ್ರಸತಿದ್ದಳು,
ನೀರು ಮ್ಯಾಲಿಂದ ಹೊಯ್ದು.
ಅದಽ ಮೊಳಿ, ಅದಽ ಕನ್ನಡಿ ಚೂರು.

ಇವತ್ತು ಸಂಜೀಕ ಬಾಗಲಾ ನೂಕಿ ಬಂದಳು,
ಚಹಾದ ಕಪ್ಪು ಹಿಡಕೊಂಡು.
ಮೊಣಕಾಲಿಗೆ ಮೊಣಕಾಲು ತಾಗೂವಂಗ ಕುಂತಳು.
‘ದೂರ, ಅತ್ತಿ, ಕಿರಣ ಬರತಾವ’ ಅಂದೆ.
‘ಎಲ್ಲಿ?’ ಅಂತ ಚಾಳೀಸು ಏರಿಸಿ
ನನ್ನ ಕುತ್ತಿಗಿ ಗಾಯ ನೋಡಿದಳು.
‘ಏನೂ ಕಾಣವಲ್ದು.’

ಚಹಾ ಆರಿತು.
ಭಾಳೊತ್ತು ಸುಮ್ಮನಿದ್ದು,
‘ಆಗನೂ ಏನೂ ಕಾಣತಿದ್ದಿಲ್ಲ’
ಅಂದಳು.