ಮೂವತ್ತು ರೂಪಾಯಿಯ ಸ್ವೆಟರು

ಭಾನುವಾರದ ಸಂತೆ ಮುಗಿಯುವ ಹೊತ್ತು
ಹಳೇ ಬಟ್ಟೆಯ ರಾಶಿಗೆ ಕೈ ಹಾಕಿದರೆ ಸಿಕ್ಕಿತು.
ಕಂದು ಬಣ್ಣ, ತುಂಬು ತೋಳು, ಮೊಣಕೈಗೆ ಹಸಿರು ತೇಪೆ.
ಅರ್ಗಾದಿಂದ ವರ್ಗವಾಗಿ ಹೋದ ನೇವಿಯವನು ಯಾರೋ
ಬಿಟ್ಟು ಹೋದದ್ದಂತೆ. ಐವತ್ತು ಎಂದ. ಇಪ್ಪತ್ತು ಎಂದೆ.
"ಕಾರವಾರದಲ್ಲಿ ಚಳಿ ಎಲ್ಲಿದೆಯೋ ಮಾರಾಯಾ,
ಮೀನಿಗೆ ತೊಡಿಸ್ತಾರಾ?" ಪಕ್ಕದ ಪಾತ್ರೆಯವನು ನಕ್ಕ.
ಆ ನಗುವಿಗೇ ಇಪ್ಪತ್ತು ಇಳಿಯಿತು.

ಕೊಳ್ಳುವ ಮೊದಲು ಒಳಮಗ್ಗುಲು ತಿರುಗಿಸಿ ನೋಡಬೇಕು,
ಕೋಡಿಬಾಗದ ಎಸ್ಪೆರಾನ್ಸ್ ಬಾಯಿ ಹೇಳಿಕೊಟ್ಟದ್ದು.
ಕತ್ತರಿಸಿ ಹೊಲಿದದ್ದಾದರೆ ದಾರ ತುಂಡು ತುಂಡು, ದಂಡ.
ಕೈಯಲ್ಲಿ ಹೆಣೆದದ್ದಾದರೆ
ಹೊಲಿಗೆಯ ಒಂದೆಳೆ ಕೊಯ್ದರೆ ಸಾಕು
ತೋಳು ತೋಳಾಗಿ ಬೆನ್ನು ಬೆನ್ನಾಗಿ ಬಿಟ್ಟುಕೊಳ್ಳುತ್ತದೆ,
ಜಗಳವಿಲ್ಲದ ಹಿಸೆಯ ಹಾಗೆ.

ಬ್ಲೇಡು ಎರಡು ರೂಪಾಯಿ.
ಕೊಕ್ಕೆ, ಮುರಿದ ಕೊಡೆಯ ಕಡ್ಡಿಯದು,
ಕಲ್ಲಿಗೆ ತಿಕ್ಕಿ ತಿಕ್ಕಿ ತುದಿ ಬಗ್ಗಿಸಿದ್ದು. ಅದಕ್ಕೆ ಲೆಕ್ಕವಿಲ್ಲ.

ಬಲೆಯ ಮನೆಯಲ್ಲಿ ಹುಟ್ಟಿದವಳು ನಾನು.
ಗಂಟೆಂದರೆ ಬಿಚ್ಚಬಾರದ್ದು ಅಂತಲೇ ಕಲಿತದ್ದು.
ಬಿಚ್ಚಿದರೆ ಬಂಗುಡೆ ಹೋಯಿತು, ಅಪ್ಪನ ಬೈಗುಳ ಬಂತು.
ಇಲ್ಲಿ ನೋಡಿದರೆ ಗಂಟೇ ಇಲ್ಲ,
ಒಂದು ಕುಣಿಕೆಯ ಕೊರಳಲ್ಲಿ ಇನ್ನೊಂದು ಕುಣಿಕೆ,
ಬರೀ ಹಿಡಿದುಕೊಂಡು ನಿಂತ ಒಂದು ಇಡೀ ಮೈ.
ಕತ್ತಿನ ಪಟ್ಟಿಯ ತುದಿ ಹುಡುಕಿ ಜಗ್ಗಿದೆ.
ಮರಳಿನ ಮೇಲೆ ಏಡಿ ಓಡಿದ ಸದ್ದು.

ಹೆಣೆದವಳು ಗುರುತಾಗುವುದು ಹೀಗೆ, ಹಿಂದುಮುಂದಾಗಿ.
ಕತ್ತಿನ ಹತ್ತಿರ ಸಡಿಲ: ಮುಗಿಸುವ ಆತುರ.
ಎದೆಯ ನಡುವೆ ನಾಲ್ಕು ಸಾಲು ಬಿಗಿಯೋ ಬಿಗಿ,
ಯಾರ ಮೇಲಿನ ಸಿಟ್ಟೋ, ಉಗುರು ಹಾಕಿ ಬಿಡಿಸಿದೆ.
ಕೆಳಗೆ ಒಂದೆಡೆ ಕುಣಿಕೆ ತಪ್ಪಿ
ಮುಂದಿನ ಸಾಲಿನಲ್ಲಿ ಸದ್ದಿಲ್ಲದೆ ಒಂದು ಸೇರಿಸಿದ್ದಾಳೆ.
ನಾನೂ ಹಾಗೇ ಮಾಡುತ್ತಿದ್ದೆ.
ಯಾವ ಗುಡ್ಡದವಳೋ, ಅವಳ ಮಾತು ನನಗೆ ಬಾರದು.
ಹಸಿರು ತೇಪೆ ಮಾತ್ರ ಬೇರೆ ಕೈ. ದಪ್ಪ ಸೂಜಿ, ಗಂಡಸಿನ ಹೊಲಿಗೆ,
ಹಡಗಿನಲ್ಲಿ ಕೂತು ಅವನೇ ಹಾಕಿಕೊಂಡಿರಬೇಕು.
ಬಲೆಗೆ ಹಾಕುವಂಥ ಗಂಟು. ಬಿಚ್ಚಲಾಗಲಿಲ್ಲ, ಕತ್ತರಿಸಿದೆ.

ದಾರವೋ ಸುರುಳಿ ಸುರುಳಿ,
ಅಷ್ಟು ವರ್ಷ ಕೂತ ಭಂಗಿ ಸುಲಭಕ್ಕೆ ಬಿಡುತ್ತದೆಯೇ.
ಬಿಸಿನೀರಿಗೆ ಅದ್ದಿ, ಲಡಿ ಕಟ್ಟಿ, ತಂತಿಗೆ ನೇತುಹಾಕಿ
ಕೆಳಗೆ ಮೀನು ತೂಗುವ ಅರ್ಧ ಕಿಲೋ ಕಲ್ಲು ಕಟ್ಟಿದೆ.
ಮಾರನೆಯ ದಿನ ನೆಟ್ಟಗಾಗಿತ್ತು. ಮುಕ್ಕಾಲು.

ಬೈತಖೋಲ ಬಂದರಿನಲ್ಲಿ ಬೆಳಗಿನ ಜಾವ ನಾಲ್ಕಕ್ಕೆ
ಪೆಟ್ಟಿಗೆ ತೆರೆದರೆ ಐಸು. ಐಸಿನೊಳಗೆ ಕೈ.
ಬಂಗುಡೆ ಈ ಕಡೆ, ತಾರ್ಲೆ ಆ ಕಡೆ,
ನಮ್ಮ ಬೆರಳು ಯಾವ ಕಡೆಯೋ.
ರಬ್ಬರು ಗ್ಲೌಸು ಹಾಕಿದರೆ ಮೀನು ಜಾರುತ್ತದೆ, ಮೇಸ್ತ್ರಿ ಕಿರುಚುತ್ತಾನೆ.
ಸುಗಂಧಾ ಚಹಾ ಕೊಳ್ಳುವುದು
ಕುಡಿಯಲು ಅಲ್ಲ, ಲೋಟ ಹಿಡಿಯಲು.

ಒಂದು ಸ್ವೆಟರಿಗೆ ಏಳು ಜೊತೆ ಆಯಿತು.
ಬೆರಳಿಲ್ಲದ್ದು, ಮಣಿಕಟ್ಟಿನಿಂದ ಅರ್ಧ ಅಂಗೈವರೆಗೆ,
ಹೆಬ್ಬೆರಳಿಗೊಂದು ಕಿಂಡಿ.
ಉಣ್ಣೆ ಒದ್ದೆಯಾದರೂ ಬಿಸಿ ಬಿಡುವುದಿಲ್ಲ.
ವಾಸನೆ ಅಂತೀರಾ? ನಮಗೇ?
ಆರು ಜನ ಆರಾರು ರೂಪಾಯಿ ಕೊಟ್ಟರು,
ಬ್ಲೇಡೂ ಸೇರಿ ಲೆಕ್ಕ ಹಾಕಿದರೆ ನಾಲ್ಕು ಉಳಿಯಿತು, ನನ್ನದು ಬಿಟ್ಟಿ.
ಆ ಪಾತ್ರೆಯವನು ಒಂದು ದಿನ ಬರಲಿ,
ಕಾರವಾರದ ಚಳಿ ಎಲ್ಲಿದೆ ಅಂತ ಮುಚ್ಚಳ ತೆಗೆದು ತೋರಿಸುತ್ತೇನೆ.

ಒಂದು ಹೇಳುವುದು ಮರೆತೆ.
ಬಿಚ್ಚುತ್ತಾ ಬಿಚ್ಚುತ್ತಾ ಹೋದರೆ ಕೊನೆಗೆ ಸಿಗುವುದು
ಅವಳು ಹಾಕಿದ ಮೊಟ್ಟಮೊದಲ ಕುಣಿಕೆ.
ಸ್ವಲ್ಪ ಹೊತ್ತು ಬೆರಳಲ್ಲಿ ಇಟ್ಟುಕೊಂಡಿದ್ದು, ಎಳೆದೆ.
ಏನೂ ಸದ್ದಾಗಲಿಲ್ಲ.
ಅದೇ ತುದಿಯಿಂದ ನನ್ನದು ಶುರು ಮಾಡಿದ್ದು.
ಕಲ್ಲಿನ ಭಾರಕ್ಕೂ ಬಗ್ಗದ ಆ ಒಂದು ಸುಕ್ಕು
ಈಗಲೂ ಮಣಿಕಟ್ಟಿನ ಹತ್ತಿರ ಇದೆ,
ಐಸಿಗೆ ಕೈ ಇಳಿಸುವಾಗ ತಗಲುತ್ತದೆ.