ಲಗತ್ತು ಏಳು

ಕಾರವಾರದಲ್ಲಿ ಬಂದರು ಕಚೇರಿಯ ಎದುರು
ನನ್ನದೊಂದು ಟೈಪಿಂಗ್ ಅಂಗಡಿ.
ವಾರಸಾ, ಪಹಣಿ, ಆದಾಯ ಪತ್ರ, ಬೋಟಿನ ಲೈಸೆನ್ಸು,
ಯಾರ ಅಳಲಾದರೂ ನನ್ನ ಬೆರಳಲ್ಲಿ
‘ಮಾನ್ಯರೇ’ ಎಂದೇ ಶುರುವಾಗಬೇಕು.

ಇಪ್ಪತ್ತಾರನೇ ದಿನ ಬಂದಳು ದ್ರೌಪದಿ ಮೇಸ್ತ,
ತದಡಿಯಿಂದ, ಬೆಳಗಿನ ಮೊದಲ ಬಸ್ಸಿಗೆ.
ಮೇಲ್ಮನವಿಗೆ ಇರುವುದು ಮೂವತ್ತೇ ದಿನ.
ಬಗಲಲ್ಲಿ ಗೋಣಿ ಸುತ್ತಿದ ಏನೋ,
ಮಗು ಎತ್ತಿಕೊಂಡ ಹಾಗೆ.

“ಲಾಂಚು ರಿಪೇರಿ ಟೆಂಡರು. ಅವ್ರಿಗಿಂತ ನಂದೇ ಕಡಿಮೆ.
ನನ್ನ ದರದ ಲಕೋಟೆ ಬಿಚ್ಚಲೇ ಇಲ್ಲ, ಎಂತಕೆ?”
ನಾನು ಹೊಡೆದೆ: ತಾಂತ್ರಿಕ ಹಂತದಲ್ಲಿಯೇ ಅರ್ಜಿದಾರಳನ್ನು
ಅನರ್ಹಗೊಳಿಸಿರುವುದು ನಿಯಮಬಾಹಿರ.
ಓದಿಸಿಕೊಂಡು ಕೇಳಿದಳು, “ಇದ್ರಲ್ಲಿ ನನ್ನ ಸಿಟ್ಟು ಎಲ್ಲಿದೆ?”
‘ನಿಯಮಬಾಹಿರ’ದಲ್ಲಿ, ಎಂದೆ.
“ಹಾಗಾದ್ರೆ ಅದನ್ನ ಇನ್ನೊಂದ್ಸಲ ಹಾಕು.”

ಗೆದ್ದವರು ಧಾರವಾಡ ಕಡೆಯ ಏಜೆನ್ಸಿ.
ಅನುಭವ ಪತ್ರ, ದುಂಡು ಮೊಹರು, ನೇರಳೆ ಸಹಿ:
ಕೆರೆಯ ಉದ್ಯಾನದಲ್ಲಿ ಹದಿನೆಂಟು ಪೆಡಲ್ ಬೋಟು,
ಎಲ್ಲವೂ ಹಂಸದ ಆಕಾರ,
ದುರಸ್ತಿ ಮತ್ತು ಬಣ್ಣ, ಕೆಲಸ ತೃಪ್ತಿಕರ.
ನಾನು ನಕ್ಕೆ. ಅವಳು ನಗಲಿಲ್ಲ.
“ಹಂಸ ಉಪ್ಪುನೀರಿಗೆ ಇಳೀತದಾ?”

ಇವಳದ್ದು?
ಹದಿನಾಲ್ಕು ವರ್ಷ ಅದೇ ಲಾಂಚಿನ ಹೊಟ್ಟೆಯಡಿ ಅಂಗಾತ ಮಲಗಿ
ಹಲಗೆ ಸಂದಿಗೆ ಹತ್ತಿ ತುರುಕಿ, ರಾಳ ಕಾಯಿಸಿ ಮೆತ್ತಿ,
ಮೊದಲು ಮಾವನ ಜೊತೆ, ಮಾವ ಹೋದಮೇಲೆ ಒಬ್ಬಳೇ.
ಹಣ ಮಾತ್ರ ಪ್ರತಿ ಸಲ
ಯಾರದೋ ಹೆಸರಿನ ವೋಚರಿನಲ್ಲಿ.
ಪತ್ರ ಎಲ್ಲಿಂದ ಬರಬೇಕು?

ಆಗ ಗೋಣಿ ಬಿಚ್ಚಿದಳು.
ಹೋದ ವರ್ಷ ಕಳಚಿದ ಹಲಗೆಯ ತುಂಡು,
ಹೊರಮೈಗೆ ಚಿಪ್ಪುಹುಳು ಕಚ್ಚಿದ ಕಲೆ,
ಒಳಮೈಯಲ್ಲಿ ಉಳಿಯ ಗುರುತು.
“ಮೂರು ಗೀರು ಮಾವಂದು. ಪಕ್ಕದ ಚುಕ್ಕಿ ನಂದು.
ಸ್ಕ್ಯಾನ್ ಮಾಡು ಇದನ್ನ.”

ಮಾಡಬಾರದಿತ್ತು. ಮಾಡಿದೆ.
ಗಾಜಿನ ಮೇಲೆ ಮರ ಮಲಗಿತು, ಮುಚ್ಚಳ ಕೂರಲಿಲ್ಲ,
ಕೆಳಗೆ ಬಿಳಿ ಬೆಳಕು ಏಡಿಯ ಹಾಗೆ ಅಡ್ಡಡ್ಡ ನಡೆಯಿತು.
ಪರದೆಯ ಮೇಲೆ ಅಮಾವಾಸ್ಯೆಯ ಅಳಿವೆಯಂಥ ಚಿತ್ರ.
‘ಕಡತ ಐದು ಎಂಬಿ ಮೀರಿದೆ.’
ಕುಗ್ಗಿಸಿದೆ. ಮತ್ತೂ ಕುಗ್ಗಿಸಿದೆ. ಮೂರನೇ ಸಲಕ್ಕೆ ಒಪ್ಪಿತು.
ಚುಕ್ಕಿ ಉಳಿದಿದೆಯೇ ಎಂದು ಅವಳು
ಪರದೆಗೆ ಮೂಗು ತಾಗಿಸಿ ನೋಡಿದಳು.

ವಿಚಾರಣೆಗೆ ನಾನು ಹೋಗಲಿಲ್ಲ.
ಸಾಹೇಬರು ಲಗತ್ತು ಏಳನ್ನು ತಲೆಕೆಳಗು ಹಿಡಿದು
‘ಇದು ಯಾವ ಜಾಗದ ನಕ್ಷೆ?’ ಅಂದರಂತೆ.

ಆದೇಶ ಎರಡು ತಿಂಗಳಿಗೆ ಬಂತು.
ಮೇಲ್ಮನವಿ ಭಾಗಶಃ ಪುರಸ್ಕೃತ. ಟೆಂಡರು ರದ್ದು. ಮರುಟೆಂಡರು.
“ಗೆದ್ದೆನಾ?”
ಹೌದೆನ್ನಲು ಬಾಯಿ ಬರಲಿಲ್ಲ.
ನಾಲ್ಕು ಲಕ್ಷ ಎಂಬತ್ತಾರು ಸಾವಿರದ ಐನೂರು,
ಯಾರೂ ಬಿಚ್ಚದ ಅವಳ ಲಕೋಟೆಯ ಗುಟ್ಟು,
ಮನವಿಯ ನಾಲ್ಕನೇ ಪ್ಯಾರಾದಲ್ಲಿ
ದಪ್ಪಕ್ಷರದಲ್ಲಿ ಹೊಡೆದವನು ನಾನೇ.
ಈಗ ಹಂಸದವರಿಗೂ ಗೊತ್ತು.

ಈ ಸಲ ಎಷ್ಟು ಬರೆಯಲಿ, ಕೇಳಿದೆ.
ಬೆರಳ ಗೆಣ್ಣಿನಲ್ಲಿ ಎಣಿಸಿದಳು:
ಸಾಗವಾನಿ, ತಾಮ್ರದ ಮೊಳೆ, ಇಬ್ಬರು ಹುಡುಗರ ಕೂಲಿ.
“ಮರದ ದರ ಇಳೀಲಿಲ್ವಲ್ಲ,” ಅಂದಳು. “ಅದೇ ಬರಿ.”

ಲಾಂಚು ಈಗಲೂ ಅಘನಾಶಿನಿಗೆ ಹೋಗಿ ಬರುತ್ತದೆ,
ನೀರು ಮೊಗೆದು ಚೆಲ್ಲಲೆಂದೇ ಒಬ್ಬ ಹುಡುಗ.
ನನ್ನ ಗಾಜಿನ ಮೇಲೊಂದು ಗೀರು ಬಿದ್ದಿದೆ.
ಅಂದಿನಿಂದ ಯಾರ ಪಹಣಿಯಾಗಲಿ, ಮರಣಪತ್ರವಾಗಲಿ,
ಎಡ ಅಂಚಿಗೆ ಕೂದಲೆಳೆಯಷ್ಟು ಕಪ್ಪು ಗೆರೆ.
ಕಚೇರಿಯವರು ಕೇಳುತ್ತಾರೆ, ಏನ್ರೀ ಇದು?
ಮೂಲದಲ್ಲೇ ಇದೆ ಸಾರ್, ಎನ್ನುತ್ತೇನೆ.